ಇಬ್ಬರ ಡೇರೆ

ಗೌಸ್‌ಪೀರ್ ಸಾಬರ ಮಂಡಕ್ಕಿ ತಕ್ಕಡಿಯಲ್ಲೇ ತೂಗಿದೆವು:
ಒಂದು ಕೆಜಿ ಎಂಟುನೂರು.
"ಇಷ್ಟು ತೂಕಕ್ಕೆ ಅರ್ಧ ಚೀಲ ಕೊಡ್ತೀನಿ,
ತಿನ್ನಾಕಾದ್ರೂ ಬರ್ತದೆ," ನಕ್ಕರು.

ಇನ್ನೊಂದು ಇದಕ್ಕಿಂತ ಹಗುರ. ಆದರೆ
ಗೂಟ ಹೊಡೆಯದೆ ನಿಲ್ಲದು.
ದುರ್ಗದ ಬಂಡೆಗೆ ಗೂಟ ಇಳಿಸೋರು ಯಾರು?

ದಾವಣಗೆರೆಯ ಬಾಡಿಗೆ ಮನೆ ಮಹಡಿಯಲ್ಲಿ
ಪಾಲಾಕ್ಷ ಸೀಮೆಸುಣ್ಣದಿಂದ ನಾಲ್ಕಡಿ ಅಗಲ ಗೀಚಿ
ಮಲಗು ಅಂದ. ತಾನೂ ಮಲಗಿದ.
ಮೊಣಕೈ ಪಕ್ಕೆಗೆ ತಗುಲಿತು; ಸರಿದುಕೊಂಡೆವು.
ಮೂರು ವಾರದಿಂದ ನಾವು ಆಡಿದ ಮಾತೆಲ್ಲ
ಹಾಲು, ಗ್ಯಾಸು, ಕರೆಂಟ್ ಬಿಲ್ಲು.

"ಮೂವರದ್ದು ತಗೊಳ್ಳೋಣವಾ?
ನಾನೂರು ಗ್ರಾಂ ಜಾಸ್ತಿ, ಅಷ್ಟೇ. ನಾನೇ ಹೊರ್ತೀನಿ."

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಎದ್ದು ಕೂತೆ.
ನನ್ನ ಬಲತೋಳಿಗೆ ಸೀಮೆಸುಣ್ಣ,
ಅವನ ಎಡತೋಳಿಗೂ.

ಬೇಡ, ಅಂದೆ.
ಕೊಡವಿದೆ, ಅವನದನ್ನ ಮೊದಲು.