ಮುಟ್ಟಬ್ಯಾಡ್ರಿ

ಹನ್ನೊಂದು ವರ್ಷದಿಂದ ನನ್ನ ನೌಕರಿ ಇಷ್ಟೇ:
ಬೀದರಿನ ಹಳೆಯ ಮದರಸಾದ ಒಂಟಿ ಮಿನಾರಿನ ಕೆಳಗೆ
ಕಬ್ಬಿಣದ ಕುರ್ಚಿ ಹಾಕಿಕೊಂಡು ಕೂತು
ಬಂದವರಿಗೆಲ್ಲ ಹೇಳುವುದು.
ಮುಟ್ಟಬ್ಯಾಡ್ರಿ. ಹೆಸರು ಕೆತ್ತಬ್ಯಾಡ್ರಿ.
ಆ ನೀಲಿ ಬಿಲ್ಲಿಗಿ ಬೆನ್ನು ಹಚ್ಚಿ ನಿಂದರಬ್ಯಾಡ್ರಿ.

ಎಸ್ತೇರಳ ಫೋನು ಬಂದದ್ದೂ ಅಲ್ಲೇ,
ಮಸ್ಕತ್ತಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ
ಬಸ್ಸಿಗೆ ಕಾಯುತ್ತ ನಿಂತಿದ್ದಳು.
'ಈ ಸಲ ರಜಾಕ್ಕ ಊರಿಗಿ ಬರಲ್ಲ ನಾ.
ಬಂದರ ನಿಮ್ಮವ್ವನ ಕಣ್ಣಿನ ಆಪರೇಷನ್ನು,
ನನ್ನ ತಮ್ಮನ ಲಗ್ನ, ಚರ್ಚಿನ ಮಂದಿಗಿ ಊಟ,
ಆ ಹೊಲದ ಕಾಗದಾ ತಗೊಂಡು ಕಾಕಾ.
ಹೋದ ಸಲ ಮೂರು ವಾರದಾಗ
ನಿನ್ನ ಮಾರಿ ಒಂದು ತಾಸು ಸೈತ ಸಿಗಲಿಲ್ಲ ನನಗ.
ಪಾಸ್‌ಪೋರ್ಟ್ ಮಾಡಿಸು.
ನಮ್ಮ ಗುರುತು ಯಾರಿಗೂ ಇರಲಾರದ ಊರಿಗಿ ಹೋಗಮು.'

ವಿಚಾರಣೆಗೆ ಬಂದ ಪೇದೆ ಚಹಾ ಕುಡಿಯುತ್ತ ಕೇಳಿದ,
'ಕೆಲಸಕ್ಕ ಹೊಂಟಿ ಏನು?'
ಇಲ್ಲರಿ, ನೋಡಲಿಕ್ಕ.
'ಏನು ನೋಡಲಿಕ್ಕ?'
ಹೆಂಡತೀನ ಅಂತ ಹೇಳಲು ನಾಚಿಕೆಯಾಗಿ
ಮಿನಾರು, ಅಂದೆ.
'ಮಿನಾರ್ ಇಲ್ಲೇ ಅದಲ್ಲೋ ಮಾರಾಯಾ!'

ಹೈದರಾಬಾದು, ದಿಲ್ಲಿ, ಆಮೇಲೆ ತಾಷ್ಕೆಂಟು.
ಬಾಗಿಲಲ್ಲಿ ಕಂದು ಕೋಟಿನವಳೊಬ್ಬಳು.
ಮೊದಲು ಗುರುತು ಹತ್ತಿದ್ದು ಬ್ಯಾಗು,
ನಮ್ಮ ಗಾಂಧಿ ಗಂಜಿನಲ್ಲಿ ಕೊಂಡದ್ದು,
ಜಿಪ್ಪಿಗೆ ಕಟ್ಟಿದ ಕೆಂಪು ದಾರ ಇನ್ನೂ ಇತ್ತು.
ಆಮೇಲೆ ಅವಳು.
ಚಷ್ಮಾ ಹೊಸದು. ಕಿವಿಯ ಮೇಲಿನ ಬಿಳಿ ಕೂದಲೂ.
ಮೂರು ವರ್ಷ, ಎರಡು ತಿಂಗಳು.
ಏನು ಮಾಡಬೇಕೋ ತಿಳಿಯದೆ
ಕೈ ಕುಲುಕಿದೆವು,
ಬ್ಯಾಂಕಿನ ಮ್ಯಾನೇಜರು ಮತ್ತು ಸಾಲ ಕೇಳಲು ಬಂದವನ ಹಾಗೆ.

ಸಮರಖಂದದ ಚೌಕದಲ್ಲಿ ಮೂರು ಮದರಸಾ, ಎದುರುಬದುರು.
ನಮ್ಮಲ್ಲಿ ಅಂಗೈಯಷ್ಟು, ಮೊಣಕೈಯಷ್ಟು
ಅಲ್ಲಲ್ಲಿ ಉಳಿದ ನೀಲಿ
ಅಲ್ಲಿ ನೆಲದಿಂದ ತುದಿಯವರೆಗೆ.
'ನಮ್ಮದೂ ಹಿಂಗೇ ಇತ್ತೇನು?'
ಇತ್ತಂತ. ಸಿಡಿಲು ಬಿತ್ತು ಅಂತಾರ,
ಮದ್ದು ಸಿಡೀತು ಅಂತಾರ.
ಅವಳು ಕತ್ತೆತ್ತಿ ನಿಂತಳು. ನಾನು ಅಭ್ಯಾಸಬಲದಿಂದ
ಗೋಡೆ ಬಿಟ್ಟು ಮಂದಿಯನ್ನು ನೋಡುತ್ತಿದ್ದೆ.

ಒಬ್ಬ ಹುಡುಗ. ಅವನ ಕೈಯಲ್ಲಿ ಕೀಲಿ. ಕೀಲಿಯ ತುದಿ ಬಿಲ್ಲೆಯ ಮೇಲೆ.
'ಏ! ಮುಟ್ಟಬ್ಯಾಡೋ!'
ಸಮರಖಂದದ ನಡುಚೌಕದಲ್ಲಿ
ಬೀದರಿನ ಕನ್ನಡ ಗುಮ್ಮಟಕ್ಕೆ ಬಡಿದು ವಾಪಸು ಬಂತು.
ಹುಡುಗ ಕೀಲಿ ಬಿಟ್ಟು ಓಡಿದ.
ಅಲ್ಲಿಯ ಕಾವಲಿನ ಮುದುಕ, ತಲೆಗೆ ಕಸೂತಿ ಟೋಪಿ,
ನನ್ನ ಕಡೆ ನೋಡಿ
ಎದೆಯ ಮೇಲೆ ಕೈ ಇಟ್ಟುಕೊಂಡ.
ನಾನೂ ಇಟ್ಟುಕೊಂಡೆ.

ಎಸ್ತೇರಳು ನಕ್ಕಳು.
ಚಷ್ಮಾ ತೆಗೆದು, ಹೊಟ್ಟೆ ಹಿಡಿದುಕೊಂಡು, ಕಲ್ಲಿನ ಮೆಟ್ಟಿಲ ಮೇಲೆ
ಕುಸಿದು ಕೂತು ನಕ್ಕಳು.
ಕೊನೆಗೆ ಉಸಿರು ಸಿಗದೆ ಬರುವ ಆ ಸಣ್ಣ ಗೊರಕೆ
ಫೋನಿನಲ್ಲಿ ಎಂದೂ ಕೇಳಿಸಿರಲಿಲ್ಲ.
ಏಳಲು ಕೈ ಚಾಚಿದಳು,
ಎದ್ದ ಮೇಲೆ ಬಿಡಲಿಲ್ಲ.

ಬುಖಾರಾದ ಟಿಕೀಟು ದಂಡವಾಯಿತು.
ಅವತ್ತು ಅವಳು ಮಲಗಿದ್ದಳು,
ಮುಂಜಾನೆಯಿಂದ ದೀಪ ಹಚ್ಚುವ ತನಕ,
ಮೂರು ವರ್ಷದ ರಾತ್ರಿ ಪಾಳಿ ಒಂದೇ ಹಗಲಿಗೆ.
ನಾನು ಮೇಜಿನ ಮೇಲೆ ರೊಟ್ಟಿ ಮುಚ್ಚಿಟ್ಟು
ಪಕ್ಕಕ್ಕೆ ಕುರ್ಚಿ ಎಳೆದು ಕೂತೆ.
ಗೊತ್ತಿದ್ದ ಕೆಲಸ.

ಎಂಟು ದಿನ. ಆಮೇಲೆ ಅವಳ ವಿಮಾನ ಬೇರೆ, ನನ್ನದು ಬೇರೆ.

ಇವತ್ತು ಭಾಲ್ಕಿಯಿಂದ ಹೊಸ ಜೋಡಿ ಬಂದಿತ್ತು.
ಹುಡುಗಿಯ ಕೈಯ ಮೆಹಂದಿ ಇನ್ನೂ ಆರಿಲ್ಲ ಅನ್ನುವಷ್ಟು ಕೆಂಪು.
'ಕಾಕಾ, ಒಂದು ಫೋಟೋ ತೆಗೀರಿ.'
ಇಬ್ಬರ ನಡುವೆ ಒಬ್ಬಾಳು ಹಾದುಹೋಗುವಷ್ಟು ಜಾಗ.
ಇನ್ನಷ್ಟು ಸರಿದು ನಿಂದರ್ರಿ, ಅಂದೆ.

ಗ್ವಾಡಿ ಕಡಿ ಅಲ್ಲ.