ಹೊಗೆಗೆ ಅರ್ಜಿ

ವಿನಿಪೆಗ್‌ನಲ್ಲಿ ಆ ರಾತ್ರಿ ಮೈನಸ್ ಮೂವತ್ತೊಂದು.
ನಾಲ್ಕನೇ ಮಹಡಿಗೆ ನಾನೇ ಹಿರಿಯ ದಾದಿ.
ಹಿಂದಿನ ಮಂಗಳವಾರವಷ್ಟೇ ಅರ್ಧ ದಿನದ ತರಬೇತಿ:
ರೋಗಿಗಳ ಧರ್ಮವನ್ನು ಅರಿಯುವುದು.
ಹನ್ನೊಂದು ಧರ್ಮ, ಇಪ್ಪತ್ತೆರಡು ಪುಟ, ನಡುವೆ ಒಮ್ಮೆ ಕಾಫಿ.
ಇಂಥವರು ಹಂದಿ ತಿನ್ನರು, ಇಂಥವರು ರಕ್ತ ಒಲ್ಲರು,
ಇಂಥವರ ಕೂದಲಿಗೆ ಕತ್ತರಿ ಇಡುವ ಮುನ್ನ ಕೇಳಬೇಕು.
ಮಗ್ಗಿಯಂತೆ ಬಾಯಿಪಾಠ ಮಾಡಿದೆ.
ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಹತ್ತೊಂಬತ್ತು.
ತಪ್ಪಿದ್ದು ಒಂದೇ, ಅದೂ ನನ್ನದೇ ಕ್ಯಾಥೊಲಿಕರ ಪ್ರಶ್ನೆ.

ಏಳನೇ ಹಾಸಿಗೆಗೆ ಬಂದವಳು ಎಲ್ವೀನಾ ವಾಸ್ಟೆಸಿಕೂಟ್,
ಎಂಬತ್ತಾರು, ಬಡಗಣ ಸೀಮೆಯ ಕ್ರೀ ಜನ.
ಮೂತ್ರಪಿಂಡ ಎರಡೂ ಸೋತು, ಇನ್ನು ಯಂತ್ರ ಬೇಡವೆಂದು
ತಾನೇ ರುಜು ಹಾಕಿ ಬಂದಿದ್ದಳು.
ಕಡತದಲ್ಲಿ 'ಧರ್ಮ' ಎಂಬಲ್ಲಿ ಒಂದು ಚೌಕ,
ಹೆಬ್ಬೆರಳ ಉಗುರಿನಷ್ಟು.
ಕೇಳಲಿಲ್ಲ ನಾನು. ಹದಿನೇಳನೇ ಪುಟ ಗೊತ್ತಿತ್ತಲ್ಲ.
'ಮೂಲನಿವಾಸಿ' ಎಂದು ಬರೆದು
ಕೂಡಲೇ ಹೊಗೆಗೆ ಅರ್ಜಿ ಹಾಕಿದೆ, ಮೂರು ಪ್ರತಿ.

ಸುಡುವ ವಸ್ತು: ಸೇಜ್ ಎಲೆ, ಒಂದು ಚಿಟಿಕೆ.
ಅವಧಿ: ಹತ್ತು ನಿಮಿಷ.
ಹೊಗೆಯ ಉದ್ದೇಶ:
ಇಲ್ಲಿ ಪೆನ್ನು ನಿಂತಿತು.

ಅಗ್ನಿ ಸುರಕ್ಷತೆಯ ಒರೆಸ್ಟ್ ಹಲೈಚುಕ್ ಏಣಿ ಹೊತ್ತು ಬಂದ.
ಆಮ್ಲಜನಕದ ನಳಿಕೆ ಮುಚ್ಚಿದೆಯೇ ಎಂದು ಮೂರು ಸಲ ನೋಡಿ
ಚಾವಣಿಯ ಹೊಗೆಪತ್ತೆಗೆ ಪ್ಲಾಸ್ಟಿಕ್ ಟೋಪಿ ತೊಡಿಸಿದ.
"ಈ ನಿಯಮಗಳೆಲ್ಲ ಅಡ್ಡಗೋಡೆ ಮೇಲಿನ ದೀಪ, ಸಿಸ್ಟರ್.
ಉದ್ದೇಶ ಅಂತ ಇದ್ದಲ್ಲಿ 'ಹೌದು' ಅಂತ ಬರೆದುಬಿಡಿ."

ಚಿಪ್ಪು, ಎಲೆ, ಬೆಂಕಿಕಡ್ಡಿ ತಟ್ಟೆಯಲ್ಲಿಟ್ಟುಕೊಂಡು
ಬಹುಮಾನ ಗೆದ್ದ ಹುಡುಗಿಯಂತೆ ಹೋದೆ.
ಅಜ್ಜಿ ತಟ್ಟೆ ನೋಡಿದಳು. ನನ್ನನ್ನು ನೋಡಿದಳು.
"ಮಗೂ, ನಾನು ಆಂಗ್ಲಿಕನ್.
ನಮ್ಮಪ್ಪ ನಲವತ್ತು ವರ್ಷ ಚರ್ಚಿನ ಗಂಟೆ ಹೊಡೆದವನು.
ಆ ಚೀಲದಲ್ಲಿ ನನ್ನ ಪುಸ್ತಕ ಇದೆ, ತೆಗೆ."

ಕ್ರೀ ಲಿಪಿಯ ಕೀರ್ತನೆಗಳು. ತ್ರಿಕೋನ, ಕೊಕ್ಕೆ, ಚುಕ್ಕೆ.
ಇಪ್ಪತ್ತಕ್ಕೆ ಹತ್ತೊಂಬತ್ತು ಪಡೆದವಳಿಗೆ
ಒಂದಕ್ಷರ ಕೂಡಲಿಲ್ಲ.
ತಲೆಕೆಳಗಾಗಿ ಹಿಡಿದಿದ್ದೆ. ಅವಳು ನಕ್ಕು ತಿರುಗಿಸಿದಳು:
"ನೋಡು, ಮೂತಿ ಕೆಳಗಾದರೆ ಪೇ, ಮೇಲಾದರೆ ಪಿ.
ತಿರುವಿ ಹಿಡಿದರೂ ಓದಬಹುದು,
ಆದರೆ ಬೇರೆ ಏನನ್ನೋ ಓದುತ್ತೀ."

ನಾಲ್ಕು ಗಂಟೆಗೆ ಮೊಮ್ಮಗಳು ಬಂದಳು, ಟ್ಯಾನ್ಸಿ,
ಬಸ್ ಚಾಲಕಿಯ ಕೋಟಿನ ಮೇಲೆ ಇನ್ನೂ ಹಿಮ.
ಆರದ ತಟ್ಟೆಯಲ್ಲ, ಹಚ್ಚದ ತಟ್ಟೆ ಕಂಡು ಸಿಡುಕಿದಳು:
"ಇದು ಯಾಕೆ ಹೀಗೇ ಕೂತಿದೆ? ಅಜ್ಜಿಗೆ ಹೊಗೆ ಬೇಕು."
ಅಜ್ಜಿ ಕಣ್ಣು ಮುಚ್ಚಿಕೊಂಡೇ ಅಂದಳು:
"ಬೇಕಾಗಿರೋದು ಅವಳಿಗೆ. ಹಚ್ಚಲಿ ಬಿಡು.
ಕಿಟಕಿ ಕಡೆ ಮಾತ್ರ. ಹಾಡುವಾಗ ನನಗೆ ಕೆಮ್ಮು ಬರಬಾರದು."

ರೋಗಿಯ ಹೆಸರಿನ ಪರವಾನಗಿಯಲ್ಲಿ
ಮೊಮ್ಮಗಳ ಹೊಗೆಗೆ ಜಾಗವಿಲ್ಲ.
ಮೂರೂ ಪ್ರತಿಗಳನ್ನು ಮಗುಚಿಟ್ಟೆ.
ಅವಳು ಕಡ್ಡಿ ಗೀರಿದಳು; ಇವಳು ಬೆರಳಿಟ್ಟು ಸಾಲು ಹುಡುಕಿ
ದಾರದಷ್ಟು ಸಣ್ಣ ದನಿಯಲ್ಲಿ ಹಾಡಿದಳು.
ಎಲೆಯ ಘಾಟು ಮೂಗಿಗೆ ಬಂದಾಗ
ಇಲೋಕೋಸ್‌ನ ನಮ್ಮ ಅಡುಗೆಮನೆ ನೆನಪಾಯಿತು,
ಶಿಲುಬೆಯ ಕೆಳಗೆ ಅಜ್ಜಿ ಇಡುತ್ತಿದ್ದ ಎಡೆ:
ಸತ್ತವರಿಗೆ ಅನ್ನ, ಮೊಟ್ಟೆ, ಒಂದು ಸುರುಳಿ ಹೊಗೆಸೊಪ್ಪು.
ಕ್ಯಾಥೊಲಿಕರು ಸತ್ತವರಿಗೆ ಉಣಬಡಿಸುತ್ತಾರೆಯೇ?
'ಹೌದು' ಎಂದಿದ್ದೆ. ಒಂದು ಅಂಕ ಹೋಯಿತು.

ಬೆಳಗ್ಗೆ ಚೌಕ ತಿದ್ದಲು ಹೋದರೆ
ಕಂಪ್ಯೂಟರ್ ಅನ್ನುತ್ತದೆ: ಒಂದನ್ನು ಮಾತ್ರ ಆರಿಸಿ.

ಆರಕ್ಕೆ ಒರೆಸ್ಟ್ ಬಂದು ಏಣಿ ಏರಿ ಟೋಪಿ ಕಳಚಿದ,
ಗಾಳಿ ಮೂಸಿದ, ಕೆಳಗಿಳಿದ, ಕಾಗದ ಕೇಳಿದ.
"ಉದ್ದೇಶ ಬರೆದಿರಾ?"
"ಇಲ್ಲ," ಎಂದೆ, "ಇನ್ನೂ ಕೇಳಿಲ್ಲ."