ಮೂರು ಸಲ

ಗಾಜಿನ ಈಚೆ ನಾನು, ಆಚೆ ಡೆಲ್ಮಿರಾ.
ಮೂವತ್ತೊಂದು ವರ್ಷ.
ನಾನು ಬೆರಳೆತ್ತಿದರೆ ಕೆಂಪು ದೀಪ,
ಕೆಂಪು ದೀಪಕ್ಕೆ ಅವಳ ಕೆಮ್ಮು ತಟ್ಟನೆ ನಿಂತು
ಪ್ಯಾಟಗೋನಿಯಾದ ಅರ್ಧ ಬಯಲು ಕಿವಿಯಾಗುತ್ತಿತ್ತು.

ಊರೆಂದರೆ ಒಂದು ಪೆಟ್ರೋಲ್ ಬಂಕು, ಉಣ್ಣೆ ಗೋದಾಮು,
ಬಾಗಿಲು ತೆರೆಯಲು ಇಬ್ಬರು ಬೇಕಾಗುವಂಥ ಗಾಳಿ.
ಗೋಪುರಕ್ಕೆ ನಾಲ್ಕು ತಂತಿ ಬಿಗಿದಿದ್ದೆವು,
ಚಳಿಗಾಲಕ್ಕೆ ಐದನೆಯದು.
ಆಚೆಗೆಲ್ಲ ಕುರಿ, ಮುಳ್ಳುಪೊದೆ, ಅಲ್ಲೊಂದು ಇಲ್ಲೊಂದು ಹೊಗೆ.
ಫೋನಿಲ್ಲ. ಅಂಚೆಯವನ ಕುದುರೆ ತಿಂಗಳಿಗೊಮ್ಮೆ,
ಅದೂ ಕುದುರೆಗೆ ಮನಸ್ಸಾದರೆ.

ಗಾಳಿಮಾತೆಂದರೆ ಸುಳ್ಳು ಅನ್ನುತ್ತದೆ ಲೋಕ.
ನಮ್ಮಲ್ಲಿ ಗಾಳಿಯಲ್ಲಿ ಬಂದದ್ದೇ ನಿಜ:

"ಎವಾರಿಸ್ತೋ ಕಾಯೂನ್ ಅವರಿಗೆ: ಹೆಣ್ಣು ಮಗು. ಮೂರು ಕಿಲೋ.
ಗುರುವಾರ ಹೊಳೆ ದಾಟುವಲ್ಲಿಗೆ ಕುದುರೆ ತರುವುದು. ಕಂಬಳಿ ಮರೆಯಬಾರದು."
"ವಿಧವೆ ಅನ್ತಿಯೇಕೋ ಅವರಿಗೆ: ಹಲ್ಲಿನ ಸೆಟ್ಟು ತಯಾರು. ದುಡ್ಡು ಬಾಕಿ."
"ಹೆರ್ಮೀನಿಯೋಗೆ: ಕಪ್ಪು ಟಗರು ಸಿಕ್ಕಿತು. ನಿನ್ನದಲ್ಲ."

ಬೆಳಿಗ್ಗೆ ಏಳಕ್ಕೆ, ಮಧ್ಯಾಹ್ನ ಒಂದಕ್ಕೆ, ರಾತ್ರಿ ಎಂಟಕ್ಕೆ.
ಮೂರು ಸಲ. ಬರೆದದ್ದು ಬರೆದ ಹಾಗೆ.
ನಗುವ ಹಾಗಿಲ್ಲ. ದನಿ ಒದ್ದೆ ಮಾಡುವ ಹಾಗಿಲ್ಲ.
"ಚೀಟಿ ಅವರದು, ನನ್ನದು ಬಾಯಿ ಅಷ್ಟೇ."

ಬಂದದ್ದು ಬ್ರೆಡ್ಡು ಕೊಡಲು, ಹತ್ತೊಂಬತ್ತರ ಹುಡುಗಿ.
ಓದುವವನು ಅವತ್ತು ಕುಡಿದು ಮಲಗಿದ್ದ.
ಕೈಗೆ ಹಿಟ್ಟು ಮೆತ್ತಿಕೊಂಡೇ ಕೂತಳು ಕುರ್ಚಿಯಲ್ಲಿ,
ಆ ಬಿಳಿ ಗುರುತು ಬಹಳ ಕಾಲ ಮೈಕಿನ ಕತ್ತಿನಲ್ಲಿತ್ತು.

ಒಂದೇ ಸಲ ತಪ್ಪಿದಳು.
ಜುಲೈ. ಕಣಿವೆ ಮುಚ್ಚಿದ ಹಿಮ.
"ಫೆರ್ಮೀನ್‌ಗೆ: ಅಪ್ಪ ತೀರಿಕೊಂಡರು. ಕೂಡಲೇ ಹೊರಟು ಬಾ."
*ಕೂಡಲೇ* ಎಂಬಲ್ಲಿ ಬಾಯಿ ನಿಂತಿತು.
ಗಾಜಿನ ಈಚೆಯಿಂದ ನೋಡಿದೆ,
ಕತ್ತಲಲ್ಲಿ ಬೀಗದ ಕಿಂಡಿ ಹುಡುಕುವ ಕೈಯಂತೆ ಅವಳ ತುಟಿ.
"ದಾರಿ ತೆರೆದ ಮೇಲೆ ಬಾ. ಕಾಯುತ್ತೇವೆ."

ಕಾಯುವವರಿಗೇ ಇದು ಗೊತ್ತಿರಲಿಲ್ಲ!
ಕಾರ್ಯಕ್ರಮ ಮುಗಿಸಿ ಸತ್ತವರ ಮನೆಗೆ ಓಡಿದಳು, ಬೈಸಿಕೊಂಡಳು.
ಮಣ್ಣು ಹೇಗೂ ಕಲ್ಲಾಗಿತ್ತು. ಹೆಣ ಹನ್ನೊಂದು ದಿನ
ಉಣ್ಣೆ ಗೋದಾಮಿನಲ್ಲಿ, ಮೂಟೆಗಳ ನಡುವೆ.
ಹನ್ನೆರಡನೆಯ ದಿನ ಫೆರ್ಮೀನ್ ಬಂದ. ಮಣ್ಣು ಮಾಡಿದ. ಹೋದ.
ಬೆಳಿಗ್ಗೆ ನಿಲಯದ ಬಾಗಿಲಲ್ಲಿ ಅರ್ಧ ಕುರಿಮರಿ,
ಅದರಲ್ಲಿ ಚೀಟಿ ಇರಲಿಲ್ಲ.

ಇನ್ನೊಬ್ಬನಿದ್ದ, ಕ್ಲೊದೋಮಿರೋ, ಮೇಲಿನ ಗುಡಿಸಲಿನವನು.
ಲಾರಿಯವನ ಕೈಲಿ ಹೇಳಿ ಕಳಿಸಿದ:
"ರಾತ್ರಿ ಬ್ಯಾಟರಿ ಇಳಿಯುತ್ತದೆ. ಮೊದಲು ಹೆಸರಷ್ಟೇ ಓದಿರಿ.
ನನ್ನದಿಲ್ಲದಿದ್ದರೆ ಆರಿಸಿ ಮಲಗುತ್ತೇನೆ."
ಅಂದಿನಿಂದ ಎಂಟಕ್ಕೆ ಮೊದಲು ಹೆಸರು, ಆಮೇಲೆ ಸುದ್ದಿ.
ಅವನಿಗೆ ಯಾರೂ ಎಂದೂ ಬರೆಯಲಿಲ್ಲ.
ಬರೆಯದ ಚೀಟಿ ಓದುವುದು ಅವಳ ಧರ್ಮವಲ್ಲ.
ಆದರೆ ಪಟ್ಟಿಯ ಕೊನೆಗೆ ಒಂದು ಹೆಸರಿನಷ್ಟು ಉದ್ದ
ಸುಮ್ಮನಿರುತ್ತಿದ್ದಳು.
ಯಂತ್ರ ಕೆಟ್ಟಿತೆಂದು ಮೊದಮೊದಲು ನಾನು ಗುಂಡಿ ತಿರುವುತ್ತಿದ್ದೆ.
ಕೈಯಾಡಿಸಿದಳು ಗಾಜಿನಾಚೆಯಿಂದ:
ಬಿಡು, ಅದು ಅವನದು.

ಅವಳು ಹೋಗಿ ನಾಲ್ಕು ವರ್ಷ. ಶ್ವಾಸಕೋಶ.
ಆ ಸುದ್ದಿ ಓದಿದವನು ನಾನು, ಮೂರು ಸಲವೂ,
ದನಿ ಒದ್ದೆಯಾಯಿತೆಂದು ಯಾರೂ ದೂರಲಿಲ್ಲ.

ಈಗ ಗುಡ್ಡದ ಮೇಲೆ ಮೊಬೈಲ್ ಗೋಪುರ.
ನಿಲಯಕ್ಕೊಂದು ಹೊಸ ಯಂತ್ರ:
ನಾಲ್ಕು ಸೆಕೆಂಡು ಮೌನವಾದರೆ ತಾನೇ ಹಾಡು ಹಾಕುತ್ತದೆ.
ಹೊಸ ಹುಡುಗನಿಗೆ ಹೇಳಿದ್ದೇನೆ, ಎಂಟು ಗಂಟೆಗೆ ಅದರ ತಂತಿ ಕೀಳುವುದು ಹೇಗೆಂದು.
ಯಾಕೆಂದು ಕೇಳಿದ.
ಯೆರ್ಬಾ ಕಷಾಯಕ್ಕೆ ಬಿಸಿನೀರು ಹುಯ್ಯುತ್ತಾ
ಅಂದೆ: ಬ್ಯಾಟರಿ ಇಳಿದಿರುತ್ತದಪ್ಪ, ಕೆಲವರದು.